ಶ್ರಾದ್ಧದ ದಿನ ಬಂದವನು

ಶ್ರಾದ್ಧದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಬರಿಯ ಹೊಸ್ತಿಲು ಕಂಡವರು ತಾವಾಗಿಯೇ ತಿಳಿದುಕೊಂಡು ಮುಂದೆ ಸಾಗುತ್ತಾರೆ. ಗೋವೆಯ ವಾಸ್ಕೋದಲ್ಲಿ, ಗುಡ್ಡದ ಇಳಿಜಾರಿನಲ್ಲಿ ವೆಂಕಣ್ಣನವರ ಮನೆ. ಒಂದು ಪಕ್ಕದಲ್ಲಿ ಕ್ರಿಸ್ತರ ಮನೆ, ಇನ್ನೊಂದು ಪಕ್ಕದಲ್ಲಿ ಕೇರಳದವರು. ಧಾರವಾಡದ ಬ್ರಾಹ್ಮಣರ ಈ ಪದ್ಧತಿ ಅವರಿಗೇನು ಗೊತ್ತು? ಆದರೂ ಆ ದಿನ ಮುಂಜಾನೆಯಿಂದ ಯಾರೂ ಬಾಗಿಲು ತಟ್ಟಿರಲಿಲ್ಲ.

ಸೀತಾಬಾಯಿ ಮಡಿಯ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಅಡಿಗೆಮನೆಯಲ್ಲಿ ನಿಂತಿದ್ದಳು. ಪಾಯಸ ಇಳಿದಿತ್ತು. ಬಾಳೆಕಾಯಿ, ಹಾಗಲಕಾಯಿ ಪಲ್ಯಗಳಾಗಿದ್ದವು. ಬದುಕಿದ್ದಾಗ ಹಾಗಲಕಾಯಿ ಕಂಡರೆ ಎಲೆ ಬಿಟ್ಟು ಏಳುತ್ತಿದ್ದ ಮಗನಿಗೆ ಈಗ ವರ್ಷಕ್ಕೊಮ್ಮೆ ಅದನ್ನೇ ಬಡಿಸಬೇಕು. ಪವಮಾನ ತೀರಿಕೊಂಡು ಎರಡು ವರ್ಷ. ಅವನಿಗೆ ಮದುವೆಯಾಗಿರಲಿಲ್ಲ, ಬೆನ್ನಿಗೆ ತಮ್ಮಂದಿರೂ ಇರಲಿಲ್ಲ. ಹಾಗಾಗಿ ತಂದೆಯೇ ಕೂತು ಮಾಡಬೇಕಾಗಿತ್ತು. ಮಗನ ಕೈಯಿಂದ ತಾನು ಪಡೆಯಬೇಕಾದದ್ದನ್ನು ತಾನೇ ಮಗನಿಗೆ ಕೊಡಲು ವೆಂಕಣ್ಣನವರು ಬೆರಳಿಗೆ ದರ್ಭೆಯ ಪವಿತ್ರ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಿದ್ದರು. ಬಂದರಿನ ಕಚೇರಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಕೈಯಲ್ಲಿ ಈಗ ಎಳ್ಳು. ಮಡಗಾಂವದಿಂದ ಬಂದ ಆಚಾರ್ಯರು ಮಂತ್ರ ಹೇಳುತ್ತಿದ್ದರು. ಅವರ ಜೊತೆ ಬಂದ ಇನ್ನೊಬ್ಬ ಬ್ರಾಹ್ಮಣರು ಕಣ್ಣು ಮುಚ್ಚಿ ಕುಳಿತಿದ್ದರು.

ಸೀತಾಬಾಯಿ ಮೊದಲ ವಡೆಗಳನ್ನು ಎಣ್ಣೆಗೆ ಬಿಡುತ್ತಿರುವಾಗ ಹಿತ್ತಲ ಕಡೆಯಿಂದ ಸದ್ದಾಯಿತು.

‘ಅಮ್ಮಾರ…’

ಹಿಂಬಾಗಿಲಲ್ಲಿ ಒಬ್ಬ ನಿಂತಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ತಲೆಗೂದಲು ಸಣ್ಣಗೆ ಕತ್ತರಿಸಿತ್ತು, ಕೆನ್ನೆಗಳು ತುಂಬಿದ್ದವು. ಗುರುತು ಹತ್ತಲು ಆಕೆಗೆ ಸ್ವಲ್ಪ ಹೊತ್ತು ಹಿಡಿಯಿತು.

‘ನಾನ್ರಿ, ರವಿಕುಮಾರ. ಮಂಗಿಬಾಯಿ ಮಗ. ಪವಮಾನ ಅದಾನೇನ್ರಿ?’

‘ಅಲ್ಲೇ ನಿಂದ್ರು. ಒಳಗ ಬರಬ್ಯಾಡ. ಮಡೀಲೆ ಇದ್ದೇನಿ.’

‘ಗೊತ್ತೈತ್ರಿ. ಆವಾಗೂ ಹಂಗಾ ಅಂತಿದ್ರಿ.’ ಅವನು ನಗುತ್ತ ಹಿಂದೆ ಸರಿದ. ‘ಅವನ್ನ ಕರೀರಿ ಒಂದೀಟ. ಮುಂಜಾನಿ ಬಿಟ್ರು ನನ್ನ. ಹೊರಗ ಬಂದ ಕೂಡಲೆ ನಮ್ಮ ಮನಿಗೆ ಬಾ, ಹಳೇ ಮಂದಿ ಕಡೆ ಹೋಗಬ್ಯಾಡ ಅಂತ ಕೈ ಮ್ಯಾಲ ಕೈ ಹಾಕಿ ಹೇಳಿದ್ದ. ಆಮ್ಯಾಲ ನನ್ನ ಬ್ಯಾರೆ ಜೈಲಿಗೆ ಒಯ್ದ್ರು. ಅಲ್ಲಿಂದ ಒಂದು ಸುದ್ದಿ ಇಲ್ಲ.’

ಇವನಿಗೆ ಗೊತ್ತಿಲ್ಲ. ಸೀತಾಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

‘ಪವಮಾನ ಹೋದಾ. ಎರಡು ವರ್ಷಾತು. ಇವತ್ತ ಅವನ ಶ್ರಾದ್ಧ.’

ರವಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕುಳಿತ. ಚೀಲ ಮಾತ್ರ ಕೈಯಿಂದ ಬಿಡಲಿಲ್ಲ.

‘ಹೆಂಗ್ರಿ?’

‘ಎದಿ ನಿಂತ್ಹೋತು.’

‘ಎದಿ? ನನಕಿಂತ ಸಣ್ಣಾಂವ ಇದ್ನಲ್ರೀ ಅಂವಾ.’

ಆಕೆ ಸೆರಗು ಸರಿಪಡಿಸಿಕೊಂಡಳು. ಅವನೇ ಮತ್ತೆ ಮಾತಾಡಿದ. ‘ಬಾಯ್ನಾದಾಗ ನಮ್ಮ ಗುಡಿಸಲಾನೂ ಇಲ್ರಿ. ಸಾಲಿಗೆ ಸಾಲಾ ಕೆಡವ್ಯಾರ. ಅವ್ವ ಎಲ್ಲಿಗಿ ಹ್ವಾದ್ಲು ನಿಮಗೇನರ…’

‘ಸೀತಾ, ಎಳ್ಳು!’ ಒಳಗಿನಿಂದ ವೆಂಕಣ್ಣನವರು ಕೂಗಿದರು.

‘ಬಂದೆ!’ ಸೀತಾಬಾಯಿ ಹೊರಳಿದಳು. ‘ಇಲ್ಲೇ ಕೂಡಪ್ಪಾ. ಬ್ರಾಹ್ಮಣರ ಊಟ ಆಗೂ ತನಕಾ ಈ ಮನಿಯಿಂದ ಯಾರಿಗೂ ಏನೂ ಕೊಡೂ ಹಂಗಿಲ್ಲ. ಆಮೇಲೆ ಹೊಟ್ಟಿ ತುಂಬ ಬಡಸ್ತೇನಿ. ನಳದ ನೀರು ಅದ, ಕುಡಿ. ಎಲ್ಲೂ ಹೋಗಬ್ಯಾಡ.’

ಎಳ್ಳು ಕೊಟ್ಟು ಬಂದು ಆಕೆ ಮತ್ತೆ ಬಾಣಲೆಯ ಮುಂದೆ ನಿಂತಳು. ವಡೆಗಳು ಒಂದು ಮಗ್ಗುಲಲ್ಲಿ ಕಪ್ಪಾಗಿದ್ದವು.

ಎದೆ ನಿಂತಿತು. ಈ ಮಾತನ್ನು ಮೊದಲು ಹೇಳಿದವರು ವೆಂಕಣ್ಣನವರು. ಕೇಳಿದವರಿಗೆಲ್ಲ, ಬೆಳಗಾವಿಯಿಂದ ಬಂದ ನೆಂಟರಿಗೂ, ಕಚೇರಿಯವರಿಗೂ, ಹದಿಮೂರನೆಯ ದಿನ ಕೇಳಿದ ಈ ಆಚಾರ್ಯರಿಗೂ ಅದನ್ನೇ ಹೇಳಿದರು. ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ನಿಂತದ್ದು ಎದೆಯೇ. ಯಾಕೆ ನಿಂತಿತು ಎಂಬುದನ್ನು ಮಾತ್ರ ಗಂಡ ಹೆಂಡತಿ ಇಬ್ಬರೇ ನುಂಗಿಕೊಂಡಿದ್ದರು. ಅಪಮೃತ್ಯುವಾದವರಿಗೆ ನಾರಾಯಣಬಲಿ ಎಂಬ ಬೇರೆ ಕರ್ಮವಿದೆ. ಅದಾಗದೆ ಅವರಿಗೆ ದಾರಿ ಸಿಗದು ಎನ್ನುತ್ತಾರೆ. ಆಚಾರ್ಯರಿಗೆ ನಿಜ ಹೇಳಿರಲಿಲ್ಲವಾದ್ದರಿಂದ ಅದನ್ನು ಮಾಡಿಸಿರಲೂ ಇಲ್ಲ. ದೇವರ ಮುಂದೆ ದೀಪ ಹಚ್ಚುವಾಗಲೆಲ್ಲ ಸೀತಾಬಾಯಿಗೆ ಇದು ನೆನಪಾಗುತ್ತಿತ್ತು. ಆದರೆ ಗಂಡನ ಮಾನದ ಮಾತು, ಬಾಯಿ ಬಿಟ್ಟಿರಲಿಲ್ಲ.

ಪವಮಾನ ಹಡಗಿನ ಏಜೆಂಟರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ರವಿ ಅದಿರಿನ ಹಡಗುಗಳ ಹೊಟ್ಟೆಯೊಳಗಿಳಿದು ಕಸ ಗುಡಿಸುವ ಕೂಲಿ. ಇಬ್ಬರಿಗೂ ಮತ್ತಿನ ಪುಡಿಯ ಚಟ ಹತ್ತಿತು, ಪುಡಿಯಿಂದ ಸೂಜಿಗೆ ಹೋದರು. ಯಾರು ಯಾರನ್ನು ಕೆಡಿಸಿದರೋ ದೇವರೇ ಬಲ್ಲ. ‘ನಿನ್ನ ಮಗನೇ’ ಎಂದು ಸೀತಾಬಾಯಿ ಅಂದರೆ ‘ನಿಮ್ಮ ಮಗನಾ’ ಎಂದು ಮಂಗಿಬಾಯಿ ಅನ್ನುವಳು. ಮಂಗಿಬಾಯಿ ಲಮಾಣಿ ಹೆಂಗಸು, ಬೀಚುಗಳಲ್ಲಿ ಕನ್ನಡಿ ಕೂಡಿಸಿದ ಬಟ್ಟೆ ಮಾರುತ್ತಿದ್ದಳು. ಒಮ್ಮೆ ಇಬ್ಬರೂ ಹುಡುಗರು ಮನೆಗೆ ಬಾರದಿದ್ದಾಗ ತಾಯಂದಿರು ಕೂಡಿ ಹುಡುಕಲು ಹೋಗಿದ್ದರು. ಬಾಯ್ನಾ ಕಿನಾರೆಯಲ್ಲಿ ಮೀನಿನ ಬಲೆ ಇಡುವ ಪಾಳು ಶೆಡ್ಡಿನಲ್ಲಿ ಮಕ್ಕಳು ಸಿಕ್ಕರು. ಹೋಗುವಾಗ ಬೈದಾಡಿಕೊಂಡು ಹೋದವರು ಬರುವಾಗ ಒಂದೇ ಕೊಡೆಯಲ್ಲಿ ಬಂದರು.

ಆಮೇಲೆ ಪೊಲೀಸರು ಇಬ್ಬರನ್ನೂ ಹಿಡಿದರು. ಪವಮಾನ ಮೊದಲು ಬಿಡುಗಡೆಯಾದ. ಬಂದಾಗ ಅವನ ಮೈ ಕೂಡ ಹೀಗೆಯೇ ತುಂಬಿಕೊಂಡಿತ್ತು, ಕಣ್ಣು ತಿಳಿಯಾಗಿದ್ದವು. ನಾವು ಮಾಡಲಾಗದ್ದನ್ನು ಜೈಲು ಮಾಡಿತು, ಚಟ ಬಿಡಿಸಿತು ಎಂದು ವೆಂಕಣ್ಣನವರು ಕೈ ಮುಗಿದರು. ಮಗನಿಗೆ ಕ್ಷೌರ ಮಾಡಿಸಿ ಎಣ್ಣೆ ನೀರು ಹಾಕಿ ಹೋಳಿಗೆ ಬಡಿಸಿದರು. ಹರಕೆ ತೀರಿಸಲು ಮಠಕ್ಕೆ ಹೋದರು. ಬರುವಷ್ಟರಲ್ಲಿ ಬಚ್ಚಲ ಬಾಗಿಲು ಒಳಗಿನಿಂದ ಹಾಕಿತ್ತು.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಸೀತಾಬಾಯಿಯನ್ನು ಬೆಂಚಿನ ಮೇಲೆ ಕೂಡಿಸಿ ಹೇಳಿದ್ದರು: ‘ತಾಯಿ, ಬಿಟ್ಟ ಮೈ ಅಂದರೆ ಹೊಸ ಮೈ. ಮೊದಲು ತಡೆದುಕೊಳ್ಳುತ್ತಿದ್ದಷ್ಟನ್ನು ಈಗ ತಡೆದುಕೊಳ್ಳುವುದಿಲ್ಲ. ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಜೈಲಿನಿಂದ ಬಂದವರು ಮೊದಮೊದಲ ದಿನಗಳಲ್ಲೇ ಹೀಗೆ ಹೋಗುತ್ತಾರೆ. ಯಾರೂ ಅವರಿಗೆ ಇದನ್ನು ಹೇಳಿರುವುದಿಲ್ಲ.’

ಸೀತಾಬಾಯಿಯ ಕೈಯಲ್ಲಿದ್ದ ಜಾಲರಿ ಸೌಟು ಬಾಣಲೆಯ ಅಂಚಿಗೆ ಬಡಿಯಿತು.

ಯಾರೂ ಹೇಳಿರುವುದಿಲ್ಲ. ಈಗ ಹಿಂಬಾಗಿಲಲ್ಲಿ ನಿಂತು ತಾನು ಹೇಳಿದ್ದೇನು?

ಆಕೆ ಹಿತ್ತಲಿಗೆ ಬಂದಳು. ನಳ ತೊಟ್ಟಿಕ್ಕುತ್ತಿತ್ತು. ಒಗೆಯುವ ಕಲ್ಲು ಬರಿದಾಗಿತ್ತು.

‘ಎಲಿ ಹಾಕಬಹುದೇನ್ರಿ, ಸೀತಾಬಾಯಾರ?’ ಪಡಸಾಲೆಯಿಂದ ಆಚಾರ್ಯರ ದನಿ ಬಂತು.

ಸೀತಾಬಾಯಿ ಒಲೆ ಆರಿಸಿದಳು. ಪಡಸಾಲೆಯ ಬಾಗಿಲಿಗೆ ಬಂದು ಗಂಡನ ಕಡೆ ನೋಡಿದಳು. ವೆಂಕಣ್ಣನವರು ತಲೆ ಎತ್ತಿದರು. ಮುಖ ನೋಡಿಯೇ ಅವರಿಗೆ ಏನೋ ಆಗಿದೆ ಎಂದು ತಿಳಿಯಿತು. ಎದ್ದು ಬಂದರು.

‘ಮಂಗಿಬಾಯಿ ಮಗ ಬಂದಿದ್ದ. ಇವತ್ತ ಬಿಟ್ಟಾರ ಅವನ್ನ. ಪವಮಾನ ಹೆಂಗ ಹೋದಾ ಅಂತ ಕೇಳಿದಾ. ಎದಿ ನಿಂತ್ಹೋತು ಅಂದೆ.’

‘ಹಂ. ಮತ್ತ?’

‘ಮತ್ತೇನ್ರಿ? ಎದ್ದು ಹೋಗ್ಯಾನ. ಎಲ್ಲಿ ಹೋಗ್ಯಾನ ನಮಗ ಗೊತ್ತಿಲ್ಲೇನು? ನಾ ಹೋಗಿ ಖರೇ ಹೇಳಿ ಬರ್ತೇನಿ.’

ವೆಂಕಣ್ಣನವರು ದನಿ ತಗ್ಗಿಸಿದರು. ‘ಸೀತಾ, ಬ್ರಾಹ್ಮಣರು ಕೂತಾರ. ಹೊಸ್ತಿಲಾ ದಾಟಿದರ ಅಡಿಗಿ ಎಲ್ಲಾ ಕೆಟ್ಟಂಗ. ವರ್ಷಕ್ಕೊಂದು ದಿನ, ನಮ್ಮ ಹುಡುಗಗ…’

‘ನಮ್ಮ ಹುಡುಗಗ ಅವತ್ತ ಒಬ್ಬರರ ಈ ಮಾತು ಹೇಳಿದ್ರ, ಇವತ್ತ ನೀವು ಎಳ್ಳು ಹಿಡಕೊಂಡು ಕೂಡೂ ಪ್ರಸಂಗ ಬರತಿದ್ದಿಲ್ಲ.’

ಇಷ್ಟು ಹೇಳಿ ಆಕೆ ಮುಂಬಾಗಿಲಿನಿಂದಲೇ ಹೊರಗೆ ನಡೆದಳು. ವೆಂಕಣ್ಣನವರು ತಡೆಯಲಿಲ್ಲ.

ರಸ್ತೆಯ ತಿರುವಿನಲ್ಲಿ ಬಾಡಿಗೆ ಮೋಟಾರ್ ಸೈಕಲ್ಲಿನವರು ನಿಲ್ಲುತ್ತಾರೆ. ಗೋವೆಯಲ್ಲಿ ಅವರಿಗೆ ಪೈಲಟ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಅಲ್ಲಿದ್ದವನು ಮಲಂಗಸಾಬ ಒಬ್ಬನೇ. ಹುಬ್ಬಳ್ಳಿ ಕಡೆಯವನು, ವೆಂಕಣ್ಣನವರ ಮನೆಗೆ ಪೇಟೆಯಿಂದ ಸಾಮಾನು ತಂದುಕೊಡುವ ರೂಢಿಯವನು. ಬರಿಗಾಲಿನಲ್ಲಿ ಕಚ್ಚೆ ಸೀರೆ ಉಟ್ಟು ಬರುತ್ತಿದ್ದ ಅಮ್ಮಾರನ್ನು ಕಂಡು ಬಾಯಲ್ಲಿದ್ದ ಬೀಡಿ ತೆಗೆದ.

‘ಬಾಯ್ನಾಕ ಬಿಡು ಮಲಂಗಸಾಬ. ಲಗೂನ.’

‘ಬಿಡ್ತೀನ್ರಿ. ಆದ್ರ ನನ್ನ ಹೆಗಲ ಹಿಡಕೋಬೇಕಾಗ್ತೈತಿ ನೋಡ್ರಿ. ಹೋದ ಚೌತಿಗೆ ಹೂವಿನ ಪುಡಿಕಿ ಮುಟ್ಟಿದ್ದಕ್ಕ ಅರ್ಧಾ ತಾಸ ಬೈದಿದ್ರಿ.’

‘ಇವತ್ತ ಬೈಯೂದಿಲ್ಲ. ನಡಿ.’

‘ಹಂಗಾರ ಗಟ್ಟಿ ಹಿಡೀರಿ. ಬಿದ್ರ ಸಾಹೇಬ್ರು ನನ್ನ ಬಿಡೂದಿಲ್ಲ.’

ಜೀವಮಾನದಲ್ಲಿ ಮೊದಲ ಬಾರಿಗೆ ಸೀತಾಬಾಯಿ ಮೋಟಾರ್ ಸೈಕಲ್ಲಿನ ಮೇಲೆ ಕುಳಿತಳು. ಕಚ್ಚೆ ಇದ್ದದ್ದು ಒಳ್ಳೆಯದೇ ಆಯಿತು. ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಬಡಿಯುವಾಗ ಆಕೆ ಹರಿವಾಯುಗಳನ್ನು ನೆನೆದಳು. ನನ್ನ ಮಗನಿಗೆ ತಲುಪಬೇಕಾದದ್ದು ತಪ್ಪಿದರೆ ತಪ್ಪಲಿ, ಆ ತಾಯಿಯ ಮಗ ಉಳಿಯಲಿ ಎಂದು ಬೇಡಿಕೊಂಡಳು.

ಬಾಯ್ನಾದ ಗುಡಿಸಲುಗಳಿದ್ದ ಕಡೆ ಈಗ ಬರಿಯ ಮರಳು, ಮುರಿದ ಇಟ್ಟಿಗೆ. ಪಾಳು ಶೆಡ್ಡಿನ ಒಂದು ಗೋಡೆ ಇನ್ನೂ ಇತ್ತು. ಆಚೆ ಸಮುದ್ರದಲ್ಲಿ ಅದಿರು ತುಂಬಲು ಬಂದ ಹಡಗುಗಳು ನಿಂತಿದ್ದವು. ಗೋಡೆಯ ನೆರಳಿನಲ್ಲಿ ರವಿ ಕುಳಿತಿದ್ದ. ಪಕ್ಕದಲ್ಲಿ ಅವರ ತಾಂಡಾದವನೇ ಆದ ರೂಪಲಪ್ಪ. ಅವನ ಮೈಯಲ್ಲಿ ಎಲುಬು ಚರ್ಮ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ರವಿಯ ಅಂಗೈಯಲ್ಲಿ ಮಡಚಿದ ಕಾಗದದ ಒಂದು ಸಣ್ಣ ಪೊಟ್ಟಣ. ಅದಿನ್ನೂ ಬಿಚ್ಚಿರಲಿಲ್ಲ.

‘ಯವ್ವಾ, ಯಾವ ದೇವಿ ಬಂದ್ಲಪಾ ಇಕಿ,’ ಎಂದ ರೂಪಲಪ್ಪ.

ಸೀತಾಬಾಯಿಗೆ ಏದುಸಿರು. ‘ರವ್ಯಾ, ನಾ ನಿನಗ ಸುಳ್ಳು ಹೇಳಿದೆ.’

ರವಿ ಎದ್ದು ನಿಲ್ಲಲು ಹೋದ.

‘ಕೂಡು, ಕೇಳು. ಪವಮಾನ ಎದಿನೋವಿನಿಂದ ಹೋಗಲಿಲ್ಲ. ನಿನ್ನ ಕೈಯಾಗ ಅದಲ್ಲ, ಅದರಿಂದ ಹೋದಾ. ಜೈಲಿನಿಂದ ಬಂದು ಮೂರು ದಿನ ಆಗಿತ್ತು. ನಮ್ಮ ಬಚ್ಚಲದಾಗ.’

ಎರಡು ವರ್ಷ ಒಳಗಿಟ್ಟುಕೊಂಡ ಮಾತು ಗಾಳಿಗೆ ಬಿದ್ದಿತು. ಮಲಂಗಸಾಬನೂ ಕೇಳಿದ, ರೂಪಲಪ್ಪನೂ ಕೇಳಿದ.

ರವಿ ಪೊಟ್ಟಣವನ್ನು ನೋಡಿದ. ಆಮೇಲೆ ಆಕೆಯನ್ನು ನೋಡಿದ. ‘ಭಾಳ ತೊಗೊಂಡಿದ್ನೇನ್ರಿ?’

‘ಇಲ್ಲ. ಮೊದಲ ಎಷ್ಟು ತೊಗೊತಿದ್ನೋ ಅಷ್ಟ.’

‘ಅಷ್ಟಾ?’

‘ಅಷ್ಟ. ಬಿಟ್ಟ ಮೈಗೆ ಅದ ಹೆಚ್ಚಾಗ್ತದಂತ. ಡಾಕ್ಟರು ಹೇಳಿದ್ರು. ಉಸಿರು ನಿಂತ್ಹೋಗ್ತದ.’

ರೂಪಲಪ್ಪ ಮರಳಿನಲ್ಲಿ ಬೆರಳಾಡಿಸುತ್ತ ಅಂದ, ‘ನಮ್ಮ ಲಾಲಪ್ಪನೂ ಹಂಗಾ ಹ್ವಾದ. ಬಿಟ್ಟ ಮರುದಿನ. ನಾವು ಮಾಲ ಖರಾಬ ಇತ್ತು ಅಂದ್ಕೊಂಡಿದ್ದಿವಿ.’ ಮತ್ತೆ ತಾನೇ ರವಿಗೆ, ‘ದೋಸ್ತ ಬಂದಾನಂತ ಖುಷೀಲೆ ಕೊಟ್ಟೆಪಾ ನಾ. ಇದು ಗೊತ್ತಿದ್ದಿಲ್ಲ ನನಗ. ಅವ್ವನಾಣಿ,’ ಎಂದ.

ರವಿ ಪೊಟ್ಟಣ ಬಿಡಲಿಲ್ಲ. ‘ಅಮ್ಮಾರ, ಮುಂಜಾನಿಯಿಂದ ಎಲ್ಲಾರೂ ಮುಂದಕ ಹೋಗು ಅಂದ್ರು. ಚಾದ ಅಂಗಡ್ಯಾಂವ ಅಂದ, ಟೇಸನ್ನಾಗ ಪೊಲೀಸ ಅಂದ. ಇವನೊಬ್ಬ ಬಾ ಕೂಡು ಅಂದ.’

‘ನಾನೂ ಕೂಡು ಅಂದಿದ್ದೆಲ್ಲೋ.’

‘ಹೌದ್ರಿ. ಕಲ್ಲಿನ ಮ್ಯಾಲ.’

ಅವನು ಹೇಳಿದ್ದರಲ್ಲಿ ಸಿಟ್ಟು ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಆಕೆ ಮುಂದೆ ಬಂದು ಬಗ್ಗಿ ಅವನ ಮಣಿಕಟ್ಟನ್ನು ಹಿಡಿದಳು. ರವಿ ಬೆಚ್ಚಿ ಕೈ ಎಳೆದುಕೊಳ್ಳಲು ಹೋದ.

‘ಮಡಿ, ಅಮ್ಮಾರ…’

‘ಅದು ಮನಿ ಬಿಟ್ಟಾಗನ ಹೋತು. ಏಳು. ಕಲ್ಲಿನ ಮ್ಯಾಲೆ ಅಲ್ಲ, ಒಳಗ ಕೂಡಿಸಿ ಬಡಸ್ತೇನಿ. ನಿಮ್ಮವ್ವ ಕಾಣಕೋಣದ ಕಡೆ ಇದ್ದಾಳ. ಬೀಚಿನ್ಯಾಗ ಬಟ್ಟಿ ಮಾರತಾಳಂತ ನಿಮ್ಮ ತಾಂಡಾದ ಕೇಸರಿಬಾಯಿ ಹೇಳಿದ್ಲು. ನಾಳೆ ಬಸ್ಸಿಗೆ ನಾನು ನೀನು ಕೂಡೇ ಹೋಗೂಣು.’

‘ಅವ್ವ ಅದಾಳೇನ್ರಿ?’ ಸಣ್ಣ ಹುಡುಗನ ದನಿಯಂತಿತ್ತು ಅದು.

‘ಇದ್ದಾಳ. ನನಗ ಬೈಯೂದು ಇನ್ನೂ ಮುಗಿಸಿಲ್ಲ ಅಕಿ.’

ರವಿ ಎದ್ದ. ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಸೀತಾಬಾಯಿ ಅದನ್ನು ನೋಡಿದಳು. ರೂಪಲಪ್ಪನ ಕಡೆ ತಿರುಗಿ ‘ನೀನೂ ಬಾರೋ’ ಅಂದಳು.

‘ನಾನ್ಯಾಕ ಬರ್ಲಿರಿ ಈ ವೇಷದಾಗ. ಬ್ರಾಹ್ಮಣರು ಹೆದರಿ ಊಟಾ ಬಿಟ್ಟು ಓಡಿ ಹೋಗ್ತಾರ. ಡಬ್ಬ್ಯಾಗ ಒಂದೀಟ ಕಳಿಸ್ರಿ, ಸಾಕು.’

ಮಲಂಗಸಾಬ ಇಬ್ಬರನ್ನೂ ಹಿಂದೆ ಕೂಡಿಸಿಕೊಂಡು ಗುಡ್ಡ ಹತ್ತಿಸಿದ.

ಮನೆಯಲ್ಲಿ ಮಂತ್ರದ ಸದ್ದಿರಲಿಲ್ಲ. ವೆಂಕಣ್ಣನವರು ಬಾಗಿಲಲ್ಲೇ ನಿಂತಿದ್ದರು. ಹೆಂಡತಿಯ ಹಿಂದೆ ರವಿ ನಡೆದು ಬರುವುದನ್ನು ಕಂಡು ಅವರ ಕೈ ಚೌಕಟ್ಟಿನಿಂದ ಕೆಳಗಿಳಿಯಿತು.

‘ಹೇಳಿದೆ ನಾನೂ,’ ಎಂದರು. ‘ಆಚಾರ್ಯರಿಗೆ. ಎಲ್ಲಾ.’

ಒಳಗೆ ಆಚಾರ್ಯರು ಮೊಣಕಾಲಿನ ಮೇಲೆ ಕೈಯಿಟ್ಟು ಕುಳಿತಿದ್ದರು. ಅವರ ಮುಖದಲ್ಲಿ ಸಿಟ್ಟೂ ಇತ್ತು, ದುಃಖವೂ ಇತ್ತು. ‘ಎರಡು ವರ್ಷ ನನ್ನ ಕೈಲೆ ಅರ್ಧಾ ಕರ್ಮ ಮಾಡಿಸಿದ್ರೆಲ್ಲಾ, ವೆಂಕಣ್ಣಾ. ನನ್ನ ಮುಂದ ಏನು ನಾಚಿಕಿ? ನಾ ಎಷ್ಟು ಮನಿ ಕಂಡೇನಿ. ಇರಲಿ. ಗೋಕರ್ಣಕ್ಕ ಹೋಗೂಣು, ನಾರಾಯಣಬಲಿ ಮಾಡೂಣು. ನಾ ಬರ್ತೇನಿ ನಿಮ್ಮ ಕೂಡ.’

‘ಇವತ್ತಿಂದು, ಆಚಾರ್ಯರ?’ ಸೀತಾಬಾಯಿ ಹೊಸ್ತಿಲಾಚೆಯೇ ನಿಂತು ಕೇಳಿದಳು. ‘ಅಡಿಗಿ ಕೆಟ್ಟಿತು.’

‘ಅಡಿಗಿ ಇಲ್ಲದ ಹೊತ್ತಿಗೆ ಆಮಶ್ರಾದ್ಧ ಅಂತ ಹೇಳ್ಯಾರ. ಅಕ್ಕಿ, ಬ್ಯಾಳಿ, ಕಾಯಿಪಲ್ಯ ಹಸೀದನ್ನ ಕೊಡೂದು. ಹೊತ್ತು ಇನ್ನೂ ಮೀರಿಲ್ಲ. ವೆಂಕಣ್ಣಾ, ಮೊರ ತೊಗೊಂಡು ಬಾ.’ ಅವರು ರವಿಯ ಕಡೆ ಒಮ್ಮೆ ನೋಡಿದರು. ‘ಮಾಡಿದ ಅಡಿಗಿಗೆ ಹಸಿದಾಂವ ಬಂದಾನಲ್ಲಾ. ಶ್ರಾದ್ಧದ ಹೊತ್ತಿಗೆ ಬಂದ ಅತಿಥಿನ್ನ ಹೊರಗ ನಿಲ್ಲಸಬಾರದು. ಅದೂ ಶಾಸ್ತ್ರದಾಗ ಅದ. ಹೇಳೋರು ಹೇಳಲಿಲ್ಲ, ಅಷ್ಟ.’

ವೆಂಕಣ್ಣನವರು ಪೆಟ್ಟಿಗೆ ತೆಗೆದು ಮಗನ ಒಂದು ಅಂಗಿ, ಒಂದು ಧೋತರ ತಂದರು. ರವಿಯ ಕೈಯಲ್ಲಿಟ್ಟು ಒಳಗೆ ಹೋದರು.

ಹಿತ್ತಲ ನಳದ ಕೆಳಗೆ ರವಿ ಸ್ನಾನ ಮಾಡಿದ. ಬಚ್ಚಲು ಒಳಗಿತ್ತು, ಅವನೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಪವಮಾನನ ಅಂಗಿ ಅವನಿಗೆ ತೋಳಿನಲ್ಲಿ ಉದ್ದವಾಗಿತ್ತು. ಜೈಲಿನಿಂದ ಉಟ್ಟು ಬಂದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುದ್ದೆಯಾಗಿ ಬಿದ್ದಿತ್ತು. ಸೀತಾಬಾಯಿ ಬಕೆಟ್ಟಿನಲ್ಲಿ ನೀರು ತುಂಬಿ, ಸಾಬೂನಿನ ಪುಡಿ ಕಲಸಿ, ಹಳೆಯ ಅಂಗಿಯನ್ನು ಕೈಗೆತ್ತಿಕೊಂಡಳು. ಜೇಬಿನಲ್ಲಿದ್ದ ಕಾಗದ ಬೆರಳಿಗೆ ತಗುಲಿತು.

ಆಕೆ ಅಂಗಿಯನ್ನು ನೀರಿನ ಮೇಲೆ ಹಿಡಿದು ಅವನ ಕಡೆ ನೋಡಿದಳು.

‘ಅದ್ದಲೇನೋ?’

ಪಡಸಾಲೆಯಲ್ಲಿ ಆಚಾರ್ಯರು ಮತ್ತೆ ಮಂತ್ರ ಶುರು ಮಾಡಿದ್ದರು. ಮೊರದಲ್ಲಿ ಅಕ್ಕಿ ಸುರಿದ ಸದ್ದು ಕೇಳಿಸಿತು. ಪವಮಾನನ ಹೆಸರು, ಗೋತ್ರ ಕೇಳಿಸಿತು. ರವಿ ಉದ್ದನೆಯ ತೋಳನ್ನು ಮಡಚುತ್ತಿದ್ದ. ಮಡಚಿದ್ದನ್ನು ಬಿಚ್ಚಿದ, ಮತ್ತೆ ಮಡಚಿದ. ಅವನ ಹಣೆಯ ಮೇಲೆ ಬೆವರು ಬಂದಿತ್ತು.

‘ಅದ್ದರಿ,’ ಎಂದ ಕೊನೆಗೆ. ‘ಇವತ್ತ ಅದ್ದರಿ. ನಾಳೆದು ನನಗ ಗೊತ್ತಿಲ್ಲ.’

‘ನಾಳೆ ಮತ್ತ ಕೇಳ್ತೇನಿ.’

ಅಂಗಿ ನೀರಿನಲ್ಲಿ ಇಳಿಯಿತು. ಸೀತಾಬಾಯಿ ಅದನ್ನು ಎರಡೂ ಕೈಯಿಂದ ತಳದವರೆಗೆ ಒತ್ತಿ ಹಿಡಿದಳು. ಆಮೇಲೆ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಎಲೆ ಹಾಕಲು ಒಳಗೆ ಹೋದಳು. ಹಾಗಲಕಾಯಿ ಬಡಿಸುವ ಮೊದಲು ‘ನೀನು ತಿಂತೀಯೇನೋ ಇದನ್ನ?’ ಎಂದು ಕೇಳಿದಳು.